ಕಣ್ಣು ಮುಚ್ಚುವವರ ಮನೆ

ಮೊನ್ನೆ ಮಣಿಪಾಲದ ಹೋಟೆಲೊಂದರಲ್ಲಿ ಮಸಾಲೆ ದೋಸೆ ಎದುರಿಗೆ ಬಂದ ಕೂಡಲೇ ನಾನು ಎಂದಿನ ಹಾಗೆ ಕಣ್ಣು ಮುಚ್ಚಿ ತಲೆ ತಗ್ಗಿಸಿದೆ. ತಿನ್ನುವ ಮುಂಚೆ ದೇವರಿಗೆ ಎರಡು ಮಾತು ಹೇಳಿಕೊಳ್ಳುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಅಷ್ಟರಲ್ಲಿ ಯಾರೋ ಮೇಜು ತಟ್ಟಿದರು. ಕಣ್ಣು ಬಿಟ್ಟರೆ ಮಾಣಿ ಗಾಬರಿಯಿಂದ ನಿಂತಿದ್ದಾನೆ.

"ಎಂತ ಅಮ್ಮಾ, ತಲೆ ತಿರುಗ್ತಾ ಉಂಟಾ? ನೀರು ತರಬೇಕಾ?"

"ಇಲ್ಲ ಮಾರಾಯ, ಪ್ರಾರ್ಥನೆ ಮಾಡ್ತಾ ಇದ್ದೆ."

ಅವನು ದೋಸೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ದೋಸೆ ಒಳ್ಳೇದೇ ಉಂಟಮ್ಮಾ, ಹೆದರಬೇಡಿ" ಎಂದು ಹೇಳಿ ಹೋದ.

ನಗು ಬಂತು. ಆದರೆ ದೋಸೆ ಮುಗಿಯುವ ಹೊತ್ತಿಗೆ ನಗು ಹೋಗಿ ಅಮ್ಮನ ನೆನಪು ಬಂದು ಕೂತಿತ್ತು. ಹೋಟೆಲಿನಲ್ಲಿ ಒಬ್ಬಳೇ ಕೂತು ಕಣ್ಣು ಒರೆಸಿಕೊಂಡರೆ ಆ ಹುಡುಗ ಮತ್ತೆ ಓಡಿ ಬಂದಾನು ಎಂದು ಬಿಲ್ಲು ಕೊಟ್ಟು ಹೊರಗೆ ಬಂದೆ. ನಿಮಗೆ ಹೇಳಿಕೊಂಡರೆ ಅಡ್ಡಿಯಿಲ್ಲ, ನೀವು ನೀರು ತರುವುದಿಲ್ಲವಷ್ಟೆ.

ಕಾಪುವಿನಲ್ಲಿ ಸಮುದ್ರದ ಕಡೆಗೆ ಇಳಿಯುವ ದಾರಿಯ ಬದಿಗೆ ನಮ್ಮ ಮನೆ ಇತ್ತು. ಎಪ್ಪತ್ತರ ದಶಕದ ಮಾತು. ಸುತ್ತ ಮೀನು ಹಿಡಿಯುವ ಮೊಗವೀರರ ಮನೆಗಳು, ರಸ್ತೆಯ ಹತ್ತಿರ ಕೆಲವು ಬ್ಯಾರಿ ಮುಸ್ಲಿಮರ ಮನೆಗಳು, ಕ್ರೈಸ್ತರದು ನಮ್ಮದೊಂದೇ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಅಮ್ಮ ಪ್ರಾಥಮಿಕ ಶಾಲೆಯ ಟೀಚರು. ಭಾನುವಾರ ಬೆಳಿಗ್ಗೆ ನಾವು ಮೂವರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಉಡುಪಿಯ ನಮ್ಮ ದೇವಾಲಯಕ್ಕೆ, ಎಂದರೆ ಚರ್ಚಿಗೆ, ಬಸ್ಸು ಹತ್ತುವುದನ್ನು ಇಡೀ ಕೇರಿ ನೋಡುತ್ತಿತ್ತು. ಮೊಗವೀರರ ಮಕ್ಕಳು ದೇವರ ಮುಖ ನೋಡುತ್ತ ಕೈ ಮುಗಿಯುತ್ತಿದ್ದರು. ಬ್ಯಾರಿ ಹುಡುಗಿಯರು ಅಂಗೈ ಬಿಚ್ಚಿ ಬೇಡುತ್ತಿದ್ದರು. ನಾವು ಕಣ್ಣು ಮುಚ್ಚುವವರು. ಕೇರಿಯ ಮಕ್ಕಳು ನಮ್ಮ ಮನೆಗೆ 'ಕಣ್ಣು ಮುಚ್ಚುವವರ ಮನೆ' ಎಂದೇ ಹೆಸರಿಟ್ಟಿದ್ದರು. ಪೋಸ್ಟ್‌ಮ್ಯಾನಿಗೂ ಆ ವಿಳಾಸ ಸಾಕಾಗುತ್ತಿತ್ತು.

ಇದರ ಲಾಭ ಹೆಚ್ಚಾಗಿ ನಮ್ಮ ಬೆಕ್ಕಿಗೆ. ಅಮ್ಮನ ಪ್ರಾರ್ಥನೆ ಉದ್ದ. ನಮ್ಮ ಚರ್ಚಿನ ಸಭೆಯವರು, ಕೇರಿಯವರು, ಶಾಲೆಯ ಮಕ್ಕಳು, ಗಲ್ಫಿಗೆ ಹೋದ ಬ್ಯಾರಿಗಳ ಹುಡುಗರು, ನಮ್ಮನ್ನು ಉಡುಪಿಗೆ ಮುಟ್ಟಿಸುವ ಬಸ್ಸಿನ ಡ್ರೈವರು, ಯಾರನ್ನೂ ಅವಳು ಬಿಡುತ್ತಿರಲಿಲ್ಲ. ಡ್ರೈವರನ ತನಕ ಬರುವಾಗ ತಟ್ಟೆಯಲ್ಲಿದ್ದ ಬಂಗುಡೆ ಮೀನು ಬೆಕ್ಕಿನ ಬಾಯಲ್ಲಿ ಇರುತ್ತಿತ್ತು. ಅದಕ್ಕಾಗಿ ಅಪ್ಪ ಒಂದು ಕಣ್ಣನ್ನು ಅರೆ ತೆರೆದು ಕಾವಲು ಕೂರುತ್ತಿದ್ದರು. ಇದು ನನಗೆ ಗೊತ್ತಿದ್ದದ್ದು ಹೇಗೆ ಎಂದು ಕೇಳಬೇಡಿ.

ಮನೆಯೊಳಗೆ ಮಾತ್ರವಾಗಿದ್ದರೆ ಸರಿ. ಅಮ್ಮ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಟ್ಟೆಯ ಚೀಲದಲ್ಲಿ ನಾಲ್ಕು ಸಣ್ಣ ಪುಸ್ತಕ ಹಾಕಿಕೊಂಡು ಕೇರಿಯ ಮನೆಗಳಿಗೆ ಹೋಗುತ್ತಿದ್ದಳು. ಯಾರೂ ಅವಳನ್ನು ನೇಮಿಸಿರಲಿಲ್ಲ, ಯಾರೂ ಸಂಬಳ ಕೊಡುತ್ತಿರಲಿಲ್ಲ. ತನಗೆ ಸಿಕ್ಕಿದ ಒಳ್ಳೆಯ ಸುದ್ದಿಯನ್ನು ನೆರೆಯವರಿಗೆ ಹೇಳದೆ ಕಟ್ಟಿಟ್ಟುಕೊಳ್ಳುವುದು ಸಣ್ಣತನ ಎಂದು ಅವಳು ನಂಬಿದ್ದಳು. ಹೋದಲ್ಲಿ ಮಗುವಿಗೆ ಜ್ವರವಿದ್ದರೆ ಹಣೆ ಮುಟ್ಟಿ ನೋಡುವಳು, ಗಲ್ಫಿಗೆ ಕಾಗದ ಬರೆಯಬೇಕೆಂದರೆ ಬರೆದು ಕೊಡುವಳು, ಆಮೇಲೆ ಯೇಸುವಿನ ಕತೆ ಒಂದು ಹೇಳುವಳು, ಕೊನೆಗೆ ಕಣ್ಣು ಮುಚ್ಚುವಳು. ನನಗೆ ನಾಚಿಕೆಯೋ ನಾಚಿಕೆ. ಉಡುಪಿಯಲ್ಲಿ ಕಾಲೇಜು ಸೇರಿದ ಮೇಲಂತೂ, ನನ್ನ ಗೆಳತಿಯರ ಮನೆಗಳಿಗೆ ಮಾತ್ರ ಹೋಗಬೇಡ ಎಂದು ಅವಳಿಗೆ ಬುದ್ಧಿ ಹೇಳುವಷ್ಟು ದೊಡ್ಡವಳಾಗಿದ್ದೆ.

ಕೇರಿಯವರು ಅವಳನ್ನು ಬಿಡಿಸಿಕೊಳ್ಳುತ್ತಲೂ ಇರಲಿಲ್ಲ, ಹಿಂದೆಯೂ ಹೋಗುತ್ತಿರಲಿಲ್ಲ. ಕುಡಿಯಲು ಬೆಲ್ಲ ನೀರು ಕೊಡುತ್ತಿದ್ದರು. ಕತೆ ಕೇಳುತ್ತಿದ್ದರು. ತಮ್ಮ ಪಾಡಿಗೆ ಮಾರಿಗುಡಿಗೆ ಹೋಗುತ್ತಿದ್ದರು, ಮಸೀದಿಗೆ ಹೋಗುತ್ತಿದ್ದರು. ಅಮ್ಮನಿಗೆ ಅದರಿಂದ ಬೇಸರವಾದದ್ದನ್ನು ನಾನು ಕಂಡದ್ದಿಲ್ಲ.

ಗಿರಿಜಕ್ಕ ಅವಳಿಗೆ ಸಿಕ್ಕಿದ್ದು ಮಣಿಪಾಲದ ಆಸ್ಪತ್ರೆಯಲ್ಲಿ. ಕೇರಿಯ ಕೊನೆಯ ಮನೆಯವಳೇ, ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವವಳು. ಗಂಡ ಶೀನಣ್ಣನದ್ದು ಒಂದು ಸಣ್ಣ ದೋಣಿ, ಮನೆಯಲ್ಲಿ ಸಣ್ಣ ಮಕ್ಕಳು. ಮೀನಿನ ವ್ಯಾಪಾರ ಬಿಟ್ಟು ಬೇರೆ ಮಾತು ಅವಳಿಗೂ ಅಮ್ಮನಿಗೂ ಅಷ್ಟರ ತನಕ ಇರಲಿಲ್ಲ. ಗಿರಿಜಕ್ಕನ ಅತ್ತೆ ಕಾಲು ಮುರಿದುಕೊಂಡು ಅಲ್ಲಿ ಮಲಗಿದ್ದರು. ಅಮ್ಮ ನನ್ನನ್ನೂ ಕರೆದುಕೊಂಡು ನೋಡಲು ಹೋದಳು. ಮಂಚದ ಬದಿಗೆ ನಿಂತು ಕೈ ಚಾಚಿ ಕಣ್ಣು ಮುಚ್ಚಿದಳು. ಅವಳ ಪ್ರಾರ್ಥನೆ ಕೇರಿ ದಾಟಿ ಇನ್ನೂ ಗಲ್ಫು ಮುಟ್ಟಿರಲಿಲ್ಲ, ವಾರ್ಡಿನವರು ಬಂದು ಮುದುಕಿಯನ್ನು ಎಕ್ಸ್‌ರೇಗೆಂದು ತಳ್ಳುಗಾಡಿಯಲ್ಲಿ ಮೆಲ್ಲ ಕರೆದುಕೊಂಡು ಹೋದರು. ಅಮ್ಮನನ್ನು ಎಬ್ಬಿಸುವುದು ಸರಿಯಲ್ಲ ಎಂದು ಅವರಿಗೂ ಅನಿಸಿರಬೇಕು. ಅಮ್ಮ ಖಾಲಿ ಮಂಚಕ್ಕೆ ಕೈ ಚಾಚಿಕೊಂಡು ಪೂರ್ತಿ ಪ್ರಾರ್ಥಿಸಿ, ಕಣ್ಣು ಬಿಟ್ಟು, "ಅಯ್ಯೋ, ಎಲ್ಲಿ?" ಎಂದಳು.

ಗಿರಿಜಕ್ಕ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. "ಟೀಚರೇ, ನಿಮ್ಮ ಪ್ರಾರ್ಥನೆಗೆ ಅತ್ತೆ ಎದ್ದು ನಡೆದುಕೊಂಡೇ ಹೋದರು!"

ನಾನು ಮಂಚದ ಕೆಳಗೆ ಹೊಕ್ಕುವುದೊಂದು ಬಾಕಿ. ಅಮ್ಮ ಮಾತ್ರ ಅವಳ ಜೊತೆ ಸೇರಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಇಬ್ಬರು ಹೆಂಗಸರು ಒಟ್ಟಿಗೆ ಅಷ್ಟು ನಕ್ಕ ಮೇಲೆ ಸ್ನೇಹ ಆಗದೆ ಇರುತ್ತದೆಯೇ?

ಆಮೇಲೆ ಗಿರಿಜಕ್ಕ ದಿನಾ ಬುಟ್ಟಿ ಇಳಿಸುವುದು ನಮ್ಮ ಜಗಲಿಯಲ್ಲೇ ಆಯಿತು. ಶನಿವಾರ ಅಮ್ಮ ಅವಳ ಮನೆಗೆ ಹೋದರೆ ಬರುವುದು ಕತ್ತಲೆಗೆ. ಅಮ್ಮ ಕತೆ ಹೇಳುವಾಗ ಗಿರಿಜಕ್ಕ ಮೀನಿಗೆ ಉಪ್ಪು ಹಚ್ಚುತ್ತಲೋ ಅಕ್ಕಿ ಆರಿಸುತ್ತಲೋ ಇರುತ್ತಿದ್ದಳು. ಕೇಳುತ್ತಿದ್ದಳೋ ಇಲ್ಲವೋ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಒಮ್ಮೆ ಅವಳು ಕಾರ್ಕಳದ ಕಡೆಯ ಕೆಥೊಲಿಕರ ಇಗರ್ಜಿಗೆ ಹರಕೆ ಹೊತ್ತು ಮೇಣದ ಬತ್ತಿ ಹಚ್ಚಿ ಬಂದಳು. ಅಮ್ಮನಿಗೆ ಸಂತೋಷವಾಗುತ್ತದೆ ಎಂದು ಓಡಿ ಬಂದು ಹೇಳಿದಳು. ನಾವು ಪ್ರಾಟೆಸ್ಟಂಟರು, ಮೇಣದ ಬತ್ತಿಯ ಹರಕೆಯವರಲ್ಲ, ಅಮ್ಮನ ಮುಖ ಸಣ್ಣದಾಯಿತು.

"ಮೇಣದ ಬತ್ತಿ ಎಂತಕ್ಕೆ ಗಿರಿಜಾ? ನಾವು ಹಾಗೆಲ್ಲ ಹಚ್ಚುವುದಿಲ್ಲ."

"ಅದು ನಿಮ್ಮವರದ್ದೇ ಅಲ್ವಾ?"

"ಅವರು ಬೇರೆ, ನಾವು ಬೇರೆ."

"ನಿಮ್ಮೊಳಗೇ ಬೇರೆ ಬೇರೆ ಇರುವಾಗ ನನ್ನನ್ನು ಕರೆಯುವುದು ಯಾವುದಕ್ಕೆ?" ಎಂದು ಕೇಳಿ ಗಿರಿಜಕ್ಕ ಬುಟ್ಟಿ ಹೊತ್ತು ಎದ್ದಳು. ಒಳಗೆ ಪೇಪರು ಓದುತ್ತಿದ್ದ ಅಪ್ಪನಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲ ಎಂದು ಅಮ್ಮನಿಗೂ ಗೊತ್ತಿತ್ತು.

ಹೀಗೆ ನಗುತ್ತಲೇ ವರ್ಷಗಳು ಹೋದವು. ನಾನು ಕಾಲೇಜು ಸೇರಿದ ವರ್ಷ, ದೀಪಾವಳಿ ಕಳೆದ ಮೇಲೆ, ಯಾರೂ ಎಣಿಸದ ಹೊತ್ತಿನಲ್ಲಿ ಗಾಳಿಮಳೆ ಎದ್ದಿತು. ಮಧ್ಯಾಹ್ನ ಮೋಡ ಕಟ್ಟಿದ್ದು ಸಂಜೆಯೊಳಗೆ ತೆಂಗಿನ ಮರಗಳನ್ನು ನೆಲಕ್ಕೆ ಬಗ್ಗಿಸಿತು. ಬೆಳಿಗ್ಗೆ ಹೋದ ದೋಣಿಗಳಲ್ಲಿ ಹೆಚ್ಚಿನವು ಹೇಗೋ ಬಂದು ಮುಟ್ಟಿದವು. ಶೀನಣ್ಣನ ದೋಣಿ ಬರಲಿಲ್ಲ. ಅದರಲ್ಲಿ ಅವನೂ ಗಿರಿಜಕ್ಕನ ಇಬ್ಬರು ತಮ್ಮಂದಿರೂ ಇದ್ದರು.

ಮರುದಿನ ಬೆಳಿಗ್ಗೆ ಮಳೆ ನಿಂತಿತ್ತು, ಸಮುದ್ರ ನಿಂತಿರಲಿಲ್ಲ. ಅಮ್ಮ ಶಾಲೆಗೂ ಹೋಗದೆ ಕಡಲ ಕಡೆಗೆ ಓಡಿದಳು, ನಾನು ಹಿಂದೆ. ದೀಪಸ್ತಂಭದ ಬಂಡೆಯ ಬುಡದಲ್ಲಿ ಇಡೀ ಕೇರಿ ನಿಂತಿತ್ತು. ಗಿರಿಜಕ್ಕ ಅಲೆ ಬಂದು ಕಾಲು ತೊಳೆಯುವಷ್ಟು ಮುಂದೆ ಹೋಗಿ ನಿಂತಿದ್ದಳು. ತಲೆಗೂದಲು ಬಿಚ್ಚಿತ್ತು, ಸೀರೆ ಒದ್ದೆಯಾಗಿತ್ತು. ಅಮ್ಮ ಹೋಗಿ ಅವಳ ಕೈ ಹಿಡಿದುಕೊಂಡಳು. ತನಗೆ ಗೊತ್ತಿದ್ದ ಕೆಲಸ ಒಂದೇ, ಅದನ್ನೇ ಮಾಡಿದಳು. ಕಣ್ಣು ಮುಚ್ಚಿದಳು.

ಗಿರಿಜಕ್ಕ ಅವಳ ಭುಜ ಹಿಡಿದು ಅಲುಗಾಡಿಸಿದಳು. "ಕಣ್ಣು ಬಿಡಿ ಟೀಚರೇ! ನನಗೆ ಕಣ್ಣೀರಲ್ಲಿ ಎಂತದೂ ಕಾಣುವುದಿಲ್ಲ. ನೀವೂ ಮುಚ್ಚಿಕೊಂಡರೆ ದೋಣಿ ನೋಡುವುದು ಯಾರು?"

ಅಮ್ಮ ಕಣ್ಣು ಬಿಟ್ಟಳು. ಕಣ್ಣು ಬಿಟ್ಟುಕೊಂಡು ಅವಳು ಪ್ರಾರ್ಥಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಮುದ್ರವನ್ನು ಈ ಕೊನೆಯಿಂದ ಆ ಕೊನೆಗೆ ನೋಡುತ್ತ, ಕಪ್ಪಾಗಿ ಏನು ಕಂಡರೂ ಒಂದು ಕ್ಷಣ ನಿಂತು, ಅಲೆ ಎಂದು ತಿಳಿದು ಮತ್ತೆ ಮುಂದುವರಿಸಿ, ಗಂಟಲು ಕಟ್ಟುವ ತನಕ ಬೇಡಿದಳು. ಮುಗಿದ ಮೇಲೆ ಗಿರಿಜಕ್ಕ ಅವಳ ಮುಖ ನೋಡಿ ಕೇಳಿದಳು:

"ಬರ್ತಾರಾ ಟೀಚರೇ?"

ಸುಮ್ಮನಿರಬಹುದಿತ್ತು. ದೇವರಿಗೆ ಗೊತ್ತು ಎನ್ನಬಹುದಿತ್ತು. ಬೇರೆ ಯಾರಾದರೂ ಹಾಗೇ ಹೇಳುತ್ತಿದ್ದರು. ಅಮ್ಮನಂಥವರು ಮಾತ್ರ ಮಾಡಬಹುದಾದ ತಪ್ಪನ್ನು ಅವಳು ಮಾಡಿದಳು, ದೇವರ ಪರವಾಗಿ ಮಾತು ಕೊಟ್ಟಳು.

"ನಿನ್ನ ಗಂಡ ಬರ್ತಾನೆ ಗಿರಿಜಾ. ನಾನು ಹೇಳ್ತೇನೆ ನಿನಗೆ, ಬರ್ತಾನೆ. ನನ್ನ ದೇವರು ಕೈ ಬಿಡುವವನಲ್ಲ."

ತಮ್ಮಂದಿರಿಬ್ಬರೂ ಅದೇ ಸಂಜೆ ಪಡುಬಿದ್ರಿಯ ಹತ್ತಿರ ದಡಕ್ಕೆ ಬಿದ್ದು ಬದುಕಿ ಬಂದರು. ಶೀನಣ್ಣ ಸಿಕ್ಕಿದ್ದು ಆಮೇಲೆ, ಉದ್ಯಾವರದ ಕಡೆ, ಹೊಳೆ ಸಮುದ್ರಕ್ಕೆ ಸೇರುವಲ್ಲಿ. ಜೀವ ಇರಲಿಲ್ಲ.

ಹೆಣ ತಂದ ದಿನ ಅಮ್ಮ ಗಿರಿಜಕ್ಕನ ಅಂಗಳದ ಕೊನೆಯಲ್ಲಿ, ಬಲೆ ಒಣಹಾಕುವ ಕಂಬದ ಹತ್ತಿರ ನಿಂತಿದ್ದಳು. ಒಳಗೆ ಹೋಗಲಿಲ್ಲ. ಗಿರಿಜಕ್ಕನ ಕಣ್ಣಿಗೆ ಬೀಳದ ಹಾಗೆ ನಿಂತು, ಮನೆಗೆ ಬಂದು, ಮೂಲೆಯಲ್ಲಿ ಪುಸ್ತಕದ ಚೀಲ ತೂಗುಹಾಕಿದಳು. ಆಮೇಲೆ ಆ ಚೀಲ ಕೆಳಗಿಳಿಯಲಿಲ್ಲ. ಶನಿವಾರ ಬಂದರೆ ಅಮ್ಮ ಪಾತ್ರೆಗಳನ್ನೆಲ್ಲ ಹೊರಗೆ ತಂದು ಬೂದಿ ಹಾಕಿ ಉಜ್ಜುತ್ತಿದ್ದಳು, ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಿದ್ದಳು. ಊಟದ ಮೊದಲಿನ ಪ್ರಾರ್ಥನೆ ಎರಡು ಮಾತಿಗೆ ಇಳಿಯಿತು. ಬೆಕ್ಕು ಬಂದು ಕೂರುವ ಮೊದಲೇ ಮುಗಿಯುತ್ತಿತ್ತು. ಅಪ್ಪ ಕಣ್ಣು ಪೂರ್ತಿ ಮುಚ್ಚತೊಡಗಿದ್ದರು, ಕಾವಲು ಬೇಕಾಗಿರಲಿಲ್ಲ.

"ಒಮ್ಮೆ ಹೋಗಿ ಬಾ" ಎಂದರು ಅಪ್ಪ.

"ಯಾವ ಮುಖ ಇಟ್ಟುಕೊಂಡು ಹೋಗಲಿ? ಬರ್ತಾನೆ ಅಂತ ಹೇಳಿದ್ದು ನಾನೇ ಅಲ್ವಾ? ಬಾಯಿ ಯಾರದ್ದು? ನನ್ನ ಮೇಲೆ ಕೋಪ ಆದರೆ ಆಗಲಿ. ಅವಳಿಗೆ ದೇವರ ಮೇಲೇ ನಂಬಿಕೆ ಹೋಗಿದ್ದರೆ, ಅದನ್ನು ಕಳೆದದ್ದು ನಾನು."

ಅಮ್ಮ ಮನೆ ಮನೆಗೆ ಹೋಗುವುದು ನಿಂತರೆ ಸಾಕು ಎಂದು ಎಷ್ಟೋ ಸಲ ಬಯಸಿದ್ದವಳು ನಾನು. ಈಗ ನಿಂತಿತ್ತು. ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ.

ಒಂದು ಭಾನುವಾರ ದೇವಾಲಯ ಬಿಟ್ಟ ಮೇಲೆ ಸಭೆಯ ಹಿರಿಯ ಹೆಂಗಸೊಬ್ಬರು ಅಮ್ಮನನ್ನು ಬದಿಗೆ ಕರೆದರು. ಒಳ್ಳೆಯವರೇ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. "ಆ ಮೀನಿನವಳ ಹತ್ತಿರ ಈಗಲೇ ಹೋಗಬೇಕು ನೀನು. ನೋವಿನಲ್ಲಿರುವಾಗ ಮನಸ್ಸು ಮೆತ್ತಗಿರುತ್ತದೆ. ಈಗ ಹೇಳಿದರೆ ನಮ್ಮ ಸಭೆಗೆ ಬರ್ತಾಳೆ" ಎಂದರು.

ಅಮ್ಮ ಹಿರಿಯರಿಗೆ ಎದುರಾಡಿದವಳಲ್ಲ. ಅವತ್ತು ಆಡಿದಳು. "ಅವಳು ನನ್ನ ಗೆಳತಿ, ಅಮ್ಮಾ. ಗಂಡ ಸತ್ತಿದ್ದಾನೆ ಅವಳದ್ದು. ಅದು ನನಗೆ ಅನುಕೂಲ ಅಂತ ನಾನು ಎಣಿಸಿದರೆ ನನ್ನ ನಾಲಿಗೆ ಬಿದ್ದು ಹೋಗಲಿ." ಬಸ್‌ಸ್ಟ್ಯಾಂಡಿನ ತನಕ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬಳೆ ಕೈಗೆ ಒತ್ತಿ ಕೆಂಪಾಗಿತ್ತು. ನನಗೆ ನೋವಾಗಲಿಲ್ಲ. ಅಮ್ಮನ ಬಗ್ಗೆ ನನಗೆ ನಾಚಿಕೆ ಹೋಗಿ ಹೆಮ್ಮೆ ಹುಟ್ಟಿದ್ದು ಆ ಬಸ್‌ಸ್ಟ್ಯಾಂಡಿನಲ್ಲಿ.

ಕ್ರಿಸ್‌ಮಸ್ ಬಂದು ಹೋಯಿತು. ಪ್ರತಿ ವರ್ಷ ಕೇರಿಗೆಲ್ಲ ಹಂಚುವ ತಿಂಡಿಯನ್ನು ಆ ವರ್ಷ ಅಮ್ಮ ನನ್ನ ಕೈಯಲ್ಲಿ ಕಳಿಸಿದಳು. ಗಿರಿಜಕ್ಕನ ಮನೆಗೆ ಸಾವಿನ ವರ್ಷ ಎಂದು ಸಿಹಿ ಕೊಡದೆ ಒಂದು ಸೇರು ಅಕ್ಕಿ ಮಾತ್ರ ಕಳಿಸಿದಳು. ಬಾಗಿಲಲ್ಲಿ ಅದನ್ನು ತೆಗೆದುಕೊಂಡದ್ದು ಅವಳ ಅತ್ತೆ. ಗಿರಿಜಕ್ಕ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮನೆಗೆ ಬಂದು ನಾನು ಇದನ್ನು ಹೇಳಿದಾಗ ಅಮ್ಮ, "ಎಂತ ಹೇಳಿದಳು?" ಎಂದು ಕೇಳಿದಳು. "ಎಂತದೂ ಇಲ್ಲ" ಎಂದೆ. ಅಮ್ಮ ತಿರುಗಿ ಒಲೆಯ ಮುಂದೆ ಕೂತಳು.

ಅದಾದ ಸುಮಾರು ದಿನದ ಮೇಲೆ ಒಂದು ಬೆಳಿಗ್ಗೆ ದಾರಿಯಲ್ಲಿ ಮೀನು ಮೀನು ಎಂಬ ಕೂಗು ಕೇಳಿಸಿತು. ದನಿ ಒಡೆದಿತ್ತು, ಆದರೂ ಗಿರಿಜಕ್ಕನದ್ದೇ. ಅಮ್ಮ ಕೈಯಲ್ಲಿದ್ದ ಸೌಟು ಬಿಟ್ಟು ಒಳಕೋಣೆಗೆ ಹೋದಳು. "ನಾನಿಲ್ಲ ಅಂತ ಹೇಳು" ಎಂದಳು ನನಗೆ. ಸುಳ್ಳು ಹೇಳಬಾರದು ಎಂದು ಕಲಿಸಿದವಳು ಅವಳೇ. ನಾನು ಬಾಯಿ ತೆರೆಯುವ ಮೊದಲೇ ಬುಟ್ಟಿ ಜಗಲಿಯಲ್ಲಿ ಕೂತಿತ್ತು.

"ಟೀಚರು ಒಳಗಿದ್ದಾರೆ ಅಂತ ನನಗೆ ಗೊತ್ತುಂಟು ಮಗಾ. ಕರಿ."

ಅಮ್ಮ ಬಂದು ಬಾಗಿಲ ದಾರಂದ ಹಿಡಿದು ನಿಂತಳು. ಗಿರಿಜಕ್ಕ ತುಂಬ ಬಡವಾಗಿದ್ದಳು. ಬೋಳು ಹಣೆ, ಬೋಳು ಕೈ. ಇದೆಲ್ಲ ತುಳುವಿನಲ್ಲಿ ನಡೆದದ್ದು, ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ. ತುಳುವಿನಲ್ಲಿ ಇದ್ದ ಕಾವು ನನ್ನ ಕನ್ನಡದಲ್ಲಿ ಬರುವುದಿಲ್ಲ.

"ನೀವು ಯಾಕೆ ಬರಲಿಲ್ಲ ಟೀಚರೇ?" ಎಂದಳು ಗಿರಿಜಕ್ಕ. "ನಿಮ್ಮ ದೇವರು ನನ್ನ ಗಂಡನನ್ನು ಕೊಡದಿದ್ದರೆ ನೀವೂ ನನ್ನ ಮನೆಗೆ ಬರಬಾರದು ಅಂತ ಉಂಟಾ?"

ಅಮ್ಮ ಕೆಳಗೆ ಕೂತಳು, ಬುಟ್ಟಿಯ ಪಕ್ಕದಲ್ಲೇ, ನೆಲದ ಮೇಲೆ. "ನಾನು ಮಾತು ಕೊಟ್ಟೆ ಗಿರಿಜಾ" ಎಂದಳು. "ಕೊಡಬಾರದಿತ್ತು."

"ಕೊಟ್ಟಿರಿ. ಆ ದಿನ ನನಗೆ ಅದು ಬೇಕಿತ್ತು. ಅದನ್ನು ಹಿಡಿದುಕೊಂಡೇ ಸಂಜೆಯ ತನಕ ನಿಂತದ್ದು ನಾನು." ಗಿರಿಜಕ್ಕನೂ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. "ಆಮೇಲೆ ದಿನಾ ನೋಡಿದೆ ದಾರಿ. ಯಾರು ಯಾರೋ ಬಂದರು. ನೀವು ಬರಲಿಲ್ಲ."

ಅಮ್ಮ ಅತ್ತಳು. ಗಿರಿಜಕ್ಕ ಅಳಲಿಲ್ಲ, ಅವಳ ಅಳು ಮುಗಿದಿತ್ತೋ ಏನೋ. ಅಮ್ಮನ ಅಳು ತಗ್ಗುವ ತನಕ ಕಾದು, ಸೆರಗಿನಲ್ಲಿ ತನ್ನ ಕೈಗೆ ಅಂಟಿದ್ದ ಮೀನಿನ ನೀರು ಒರೆಸಿ, ಅಮ್ಮನ ಕೈ ಹಿಡಿದಳು. ಅಮ್ಮ ರೂಢಿಯಂತೆ ತಲೆ ತಗ್ಗಿಸಲು ಹೊರಟಳು.

"ಬೇಡ. ಇವತ್ತು ನೀವು ನನಗಾಗಿ ಎಂತದೂ ಹೇಳುವುದು ಬೇಡ. ನಾನು ಹೇಳ್ತೇನೆ."

ಹೇಳಿದಳು. ಮಾಡಿನ ಕಡೆಗೆ ಮುಖ ಎತ್ತಿ, ಮೀನಿನ ಕ್ರಯಕ್ಕೆ ಜಗಳಾಡುವ ಅದೇ ದನಿಯಲ್ಲಿ ಹೇಳಿದಳು:

"ಯೇಸುವೇ, ನೀನು ಇಲ್ಲಿ ಕೇಳು. ಈ ಟೀಚರು ನಿನ್ನ ಹೆಸರು ಹೇಳಿಕೊಂಡು ಬಿಸಿಲಲ್ಲಿ ನಮ್ಮ ಮನೆ ಮನೆ ತಿರುಗಿದ್ದಾರೆ. ಅವರ ಬಾಯಲ್ಲಿ ಮಾತು ಕೊಡಿಸಿ ನೀನು ಸುಮ್ಮನೆ ಕೂತೆಯಲ್ಲ, ನಿನಗೆ ಮರ್ಯಾದೆ ಉಂಟಾ? ಮೀನು ಹಿಡಿಯುವವರ ಗುರ್ತ ನಿನಗೆ ಇತ್ತಂತೆ. ಅವರ ದೋಣಿಯಲ್ಲಿ ಹೋಗುತ್ತಿದ್ದೆಯಂತೆ. ಹಿಂದಿನ ಕಡೆ ತಲೆದಿಂಬು ಹಾಕಿಕೊಂಡು ನಿದ್ದೆ ಮಾಡಿದ್ದೆಯಂತೆ. ಎಬ್ಬಿಸಿದ್ದಕ್ಕೆ ಎದ್ದು ಗಾಳಿಗೆ ಗದರಿಸಿದೆಯಂತೆ. ನಾವು ಕರೆಯಲಿಲ್ಲವಾ ನಿನ್ನನ್ನು? ನಾನು ಕರೆದೆ, ಟೀಚರು ಕರೆದರು, ಸಮುದ್ರದಲ್ಲಿ ಅವರೂ ಕರೆದಿರಬಹುದು. ನನ್ನವರ ದೋಣಿಗೆ ಹತ್ತಲಿಕ್ಕೆ ನಿನಗೆ ಎಂತ ಆಗಿತ್ತು? ಹೇಳು!"

ಅಮ್ಮ ಹೇಳಿದ ಕತೆಗಳಲ್ಲಿ ಒಂದು ತಲೆದಿಂಬನ್ನೂ ಗಿರಿಜಕ್ಕ ಮರೆತಿರಲಿಲ್ಲ. ನಮ್ಮ ಸಭೆಯಲ್ಲಿ ಯಾರೂ ದೇವರ ಹತ್ತಿರ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾವೆಲ್ಲ ಪುಸ್ತಕದ ಕನ್ನಡದಲ್ಲಿ, ದೊಡ್ಡ ಅಧಿಕಾರಿಗೆ ಅರ್ಜಿ ಹಾಕುವವರ ಹಾಗೆ ಬೇಡುತ್ತಿದ್ದೆವು. ಗಿರಿಜಕ್ಕ ಮನೆಯವನಿಗೆ ಬೈದ ಹಾಗೆ ಬೈದಳು. ಬೈದು ಬೈದು ದನಿ ಬಿದ್ದು ಹೋಯಿತು, ಕೊನೆಗೆ "ಮಕ್ಕಳನ್ನಾದರೂ ನೋಡಿಕೋ" ಎಂದು ನಿಲ್ಲಿಸಿದಳು.

ಅಂಗಳದಲ್ಲಿ ಕಾಗೆ ಕೂಗುತ್ತಿತ್ತು. ಗಿರಿಜಕ್ಕ ಮೆಲ್ಲನೆ ಕೇಳಿದಳು, "ನಿಮ್ಮ ದೇವರಿಗೆ ಬೈದೆ. ಕೋಪ ಬಂತಾ ಟೀಚರೇ?"

"ಇಲ್ಲ ಗಿರಿಜಾ" ಎಂದಳು ಅಮ್ಮ. "ಇಷ್ಟು ದಿನ ನಾನೂ ಅದನ್ನೇ ಕೇಳಬೇಕು ಅಂತ ಇದ್ದೆ. ನನಗೆ ಧೈರ್ಯ ಬರಲಿಲ್ಲ."

"ಹಾಗಾದರೆ ಅದು ಹೇಳಿ. ಕೊನೆಗೆ ಒಂದು ಹೇಳ್ತೀರಲ್ಲ, ಅದು."

ಅಮ್ಮ ಅವಳ ಮುಖ ನೋಡಿಕೊಂಡೇ "ಆಮೆನ್" ಎಂದಳು.